ಸೆಮಿನಾರಿಗೆ ಹೋದವನು ಲಾಲ್‌ಬಾಗ್ ನೋಡಿದರೆ ಯಾರಪ್ಪನ ಗಂಟು ಹೋಯ್ತು?

ತುಂಬಾ ದಿನದಿಂದ ಹೊಟ್ಟೆಯೊಳಗೇ ಕುದಿಯುತ್ತಿದ್ದ ವಿಷಯ ಇದು. ಬರೆದರೆ ಯಾರಿಗಾದರೂ ಬೇಜಾರಾದೀತು ಅಂತ ಸುಮ್ಮನಿದ್ದೆ. ಇನ್ನು ಆಗಲ್ಲ, ಬರೆದೇ ಬಿಡುತ್ತೇನೆ. ಬೇಜಾರಾದವರು ಧಾರಾಳವಾಗಿ ಬೈಯಬಹುದು.

ನಮ್ಮಂಥ ಸಣ್ಣ ಊರಿನ ಕಡೆಯ ಕಾಲೇಜು ಮೇಷ್ಟ್ರುಗಳು ಬೆಂಗಳೂರಿಗೆ ವಿಚಾರ ಸಂಕಿರಣ ಅಂತ ಎರಡು ದಿನ ಹೋಗಿ ಬಂದರೆ, ಮೂರನೇ ದಿನ ಸ್ಟಾಫ್ ರೂಮಿನಲ್ಲಿ ಒಂದು ನಗು ಕಾದಿರುತ್ತೆ. "ಏನ್ ಸಾರ್, ಸೆಮಿನಾರ್ ಜೋರೋ, ಸುತ್ತಾಟ ಜೋರೋ?" ಕೇಳುವವರ ಕಣ್ಣಲ್ಲಿ ನಾವು ಪಕ್ಕದ ಮನೆ ಮಾವಿನಕಾಯಿ ಕದ್ದು ಸಿಕ್ಕಿಬಿದ್ದ ಹುಡುಗರು. ನಾವೂ ಹಾಗೇ ತಲೆ ತಗ್ಗಿಸಿ, "ಇಲ್ಲಪ್ಪ, ಎರಡು ದಿನವೂ ಕೂತಿದ್ದೆ, ಸೊಂಟ ಹೋಯ್ತು" ಅಂತ ಏನೋ ಒಂದು ಹೇಳಿ ಜಾರಿಕೊಳ್ಳುತ್ತೇವೆ. ಜಾರಿಕೊಳ್ಳುವುದು ಯಾಕೆ? ಎರಡನೇ ದಿನ ಊಟ ಆದ ಮೇಲೆ ಲಾಲ್‌ಬಾಗಿಗೆ ಹೋಗಿದ್ದೆ, ಚೆನ್ನಾಗಿತ್ತು, ಮುಂದಿನ ಸಲವೂ ಹೋಗುತ್ತೇನೆ ಅಂತ ಹೇಳೋದಕ್ಕೆ ಏನು ಧಾಡಿ?

ನಾನು ಹೇಳುತ್ತೇನೆ. ಹೋಗಿದ್ದೆ. ಹೋಗುತ್ತೇನೆ.

ನಮ್ಮೂರು ಶಿವನಿ. ಗೊತ್ತಿಲ್ಲದವರಿಗೆ: ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲು ದಾರಿಯಲ್ಲಿ ಅಜ್ಜಂಪುರ ಆದ ಮೇಲೆ ಬರುತ್ತೆ. ಮೊದಲು ತರೀಕೆರೆ ತಾಲೂಕಿಗೆ ಸೇರಿತ್ತು, ಈಗ ಅಜ್ಜಂಪುರವೇ ತಾಲೂಕು. ಅಡಿಕೆ, ತೆಂಗು ಇರುವ ಊರು. ಅಜ್ಜಂಪುರದ ಅಮೃತಮಹಲ್ ದನಗಳ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. ಸ್ಟೇಷನ್ ಏನೋ ಇದೆ, ದೊಡ್ಡ ಗಾಡಿಗಳು ನಿಲ್ಲಬೇಕಲ್ಲ! 2023ರಿಂದ ಧಾರವಾಡ-ಬೆಂಗಳೂರು ವಂದೇ ಭಾರತ್ ನಮ್ಮ ಸ್ಟೇಷನ್ ಮುಂದೆಯೇ ಬುರ್ ಅಂತ ಹಾದುಹೋಗುತ್ತೆ, ಹುಡುಗರು ನಿಂತು ಕೈ ಬೀಸುತ್ತಾರೆ. ಬೆಂಗಳೂರಿಗೆ ಬೇಗ ಹೋಗಬೇಕು ಅಂದರೆ ನಾವು ಬೀರೂರಿಗೆ ಬಂದು ಗಾಡಿ ಹಿಡಿಯುವುದು. ಬೆಳಿಗ್ಗೆ ಒಂಬತ್ತೂವರೆಗೆ ರಿಜಿಸ್ಟ್ರೇಷನ್ ಅಂದರೆ ಹಿಂದಿನ ರಾತ್ರಿಯೇ ಮನೆ ಬಿಟ್ಟು, ಮೆಜೆಸ್ಟಿಕ್ಕಿನಲ್ಲೋ ಯಾರದೋ ಚಿಕ್ಕಪ್ಪನ ಮಗನ ರೂಮಿನಲ್ಲೋ ಮುಖ ತೊಳೆದುಕೊಂಡು ಹೋಗಬೇಕು.

ಹೋದ ಮೇಲೆ ಸಿಗುವುದೇನು? ಈ ಪಾಡನ್ನು ಅನುಭವಿಸಿದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಂಬತ್ತೂವರೆ ಅಂದಿದ್ದು ಹನ್ನೊಂದೂಕಾಲಿಗೆ ಶುರು. ಪ್ರಾರ್ಥನೆ, ದೀಪ, ಸ್ವಾಗತ. ವೇದಿಕೆ ಮೇಲೆ ಒಂಬತ್ತು ಜನ, ಒಂಬತ್ತು ಜನಕ್ಕೂ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಒಬ್ಬೊಬ್ಬರಿಗೆ ಕೊಡುವಾಗಲೂ ಫೋಟೋಗೆ ಅರ್ಧ ನಿಮಿಷ ನಗಬೇಕು. ಆಮೇಲೆ ದಿಕ್ಸೂಚಿ ಭಾಷಣ. ಹೆಸರಿಗೆ ಸರಿಯಾಗಿ ದಿಕ್ಕೇ ತಪ್ಪಿಸುವಂಥದ್ದು. ಊಟದ ಸಾಲಿನಲ್ಲಿ ಪಲಾವ್, ಮೊಸರನ್ನ, ಒಂದು ಜಾಮೂನು. ಮಧ್ಯಾಹ್ನ ಮೂರು ಗಂಟೆಗೆ 'ತಾಂತ್ರಿಕ ಗೋಷ್ಠಿ' ಅಂತ ಒಂದು ಕ್ಲಾಸ್ ರೂಮಿಗೆ ತಳ್ಳಿ, ಹದಿನೆಂಟು ಜನ ಐದೈದು ನಿಮಿಷದಲ್ಲಿ ಪ್ರಬಂಧ ಓದಿ ಮುಗಿಸಿ ಅಂತಾರೆ. ಮೂರನೇ ನಿಮಿಷಕ್ಕೆ ಗಂಟೆ ಹೊಡೆಯುತ್ತೆ. ಎರಡು ವರ್ಷ ಕೆಲಸ ಮಾಡಿ ಬರೆದುಕೊಂಡು ಬಂದ ಹುಡುಗಿ "ಕೊನೆಯದಾಗಿ..." ಅಂದು ಗಾಬರಿಯಲ್ಲಿ ಹಾಳೆ ಮಗುಚುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತೆ.

ಮತ್ತೆ ಸರ್ಟಿಫಿಕೇಟು! ಅದನ್ನು ಕೊಡುವುದು ಎರಡನೇ ದಿನ ಸಂಜೆ ಐದಕ್ಕೆ, ಸಮಾರೋಪ ಮುಗಿದ ಮೇಲೆ. ಯಾಕೆ ಅಂದರೆ ಮೊದಲೇ ಕೊಟ್ಟರೆ ಜನ ಓಡಿಹೋಗುತ್ತಾರಂತೆ. ಸ್ವಾಮಿ, ಜನ ಓಡಿಹೋಗುವಂಥ ಕಾರ್ಯಕ್ರಮ ಅಂತ ನಿಮಗೇ ಗೊತ್ತಿದೆಯಲ್ಲ! ಕಾಗದ ಒತ್ತೆ ಇಟ್ಟುಕೊಂಡು ಜ್ಞಾನ ತುಂಬುತ್ತೇವೆ ಅನ್ನುವುದು ಯಾವ ಸೀಮೆ ಮರ್ಯಾದೆ? ನಾನು ಹೋಗಿದ್ದ ಒಂದು ಕಡೆ (ಹೆಸರು ಬೇಡ) ಊಟ ಆದ ಮೇಲೆ ಮೇನ್ ಗೇಟಿಗೆ ಬೀಗ ಹಾಕಿಸಿದ್ದರು. ನನಗೆ ಆಗ ನಲವತ್ತು ದಾಟಿತ್ತು. ಜೊತೆಗಿದ್ದವರಲ್ಲಿ ಇಬ್ಬರು ಪಿಎಚ್‌ಡಿ ಆದವರು, ಒಬ್ಬರು ಅಜ್ಜ ಆದವರು. ಕಾವಲುಗಾರನ ಹತ್ತಿರ "ತಲೆನೋವಿನ ಮಾತ್ರೆ ತರಬೇಕು" ಅಂತ ಸುಳ್ಳು ಹೇಳಿಕೊಂಡು ನಿಂತಿದ್ದೆವು, ಹೈಸ್ಕೂಲ್ ಹುಡುಗರ ಹಾಗೆ.

ಇಷ್ಟಕ್ಕೆಲ್ಲ ಮೂಲ ಏನು ಅಂತ ನಿಮಗೆ ಗೊತ್ತು. 2010ರಲ್ಲಿ ಯುಜಿಸಿ 'ಎಪಿಐ' ಅಂತ ಒಂದು ಅಂಕದ ಲೆಕ್ಕ ತಂದಿತು. ಸೆಮಿನಾರಿನಲ್ಲಿ ಪ್ರಬಂಧ ಓದಿದರೆ ಇಷ್ಟು ಅಂಕ, ರಾಷ್ಟ್ರಮಟ್ಟದ್ದಾದರೆ ಇಷ್ಟು, ಅಂತಾರಾಷ್ಟ್ರೀಯವಾದರೆ ಇಷ್ಟು. ಬಡ್ತಿಗೆ ಅಂಕ ಬೇಕು, ಅಂಕಕ್ಕೆ ಕಾಗದ ಬೇಕು, ಕಾಗದಕ್ಕೆ ಸೆಮಿನಾರ್ ಬೇಕು. ಮಳೆಗಾಲದ ಅಣಬೆ ಥರ ಸೆಮಿನಾರ್‌ಗಳು ಎದ್ದವು. 2018ರ ನಿಯಮಗಳಲ್ಲಿ ಕಾಲೇಜು ಅಧ್ಯಾಪಕರಿಗೆ ಆ ಅಂಕಪದ್ಧತಿಯನ್ನು ಕೈಬಿಟ್ಟರು. ಆದರೆ ಅಭ್ಯಾಸ ಬಿಡಬೇಕಲ್ಲ. ಕಾಗದ ಕೂಡಿಡುವ ಚಟ ಹಾಗೇ ಉಳಿದಿದೆ. ಬಾರದೇ ಇದ್ದವರಿಗೂ 'ಪ್ರಬಂಧ ಮಂಡಿಸಿದ್ದಾರೆ' ಅಂತ ಸರ್ಟಿಫಿಕೇಟ್ ಹೋಗುತ್ತೆ. ಅದು ಕಳ್ಳತನ ಅಲ್ಲ, ಮಧ್ಯಾಹ್ನ ಎರಡು ಗಂಟೆ ಕಬ್ಬನ್ ಪಾರ್ಕಿನಲ್ಲಿ ಕೂತವನದು ಕಳ್ಳತನ! ಚೆನ್ನಾಗಿದೆ ನ್ಯಾಯ.

ಸರಿ, "ಸರ್ಕಾರದ ಓಓಡಿ, ತೆರಿಗೆ ದುಡ್ಡು" ಅನ್ನುವವರ ಮಾತಿಗೆ ಬರೋಣ. ಇದು ಹಳೇ ಮಾತು, ನಮ್ಮ ದೇಶದ್ದೇ ಅಲ್ಲ. ಸ್ಟೀಫನ್ ಸ್ಮೇಲ್ ಅಂತ ಅಮೆರಿಕದ ಒಬ್ಬ ಗಣಿತಜ್ಞ. ಸರ್ಕಾರಿ ಸಂಶೋಧನಾ ಹಣದ ಮೇಲೆ 1960ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೋಗೆ ಹೋಗಿದ್ದರು. ಬೆಳಿಗ್ಗೆಯೆಲ್ಲ ಕಡಲತೀರದಲ್ಲಿ ಪೆನ್ನು, ಪೇಪರು ಹಿಡಿದುಕೊಂಡು ಕೂರುವುದು. ಅಲ್ಲಿ ಹೊಳೆದದ್ದೇ 'ಹಾರ್ಸ್‌ಶೂ', ಅಂದರೆ ಕುದುರೆ ಲಾಳದ ಆಕಾರದ ಒಂದು ಕಲ್ಪನೆ. ಇವತ್ತು ಕೇಯಾಸ್ ಸಿದ್ಧಾಂತ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ದಾಟಿಯೇ ಹೋಗಬೇಕು. 1966ರಲ್ಲಿ ಅವರಿಗೆ ಫೀಲ್ಡ್ಸ್ ಪದಕ ಬಂತು. ಆಮೇಲೆ ಅವರ ಅನುದಾನದ ಬಗ್ಗೆ ರಂಪ ಎದ್ದಾಗ, ನನ್ನ ಅತ್ಯಂತ ಹೆಸರಾದ ಕೆಲಸ ಆಗಿದ್ದು ರಿಯೊದ ಕಡಲತೀರದಲ್ಲಿ ಎಂದು ಅವರು ಬರೆದರು. ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹೆಗಾರರು ಅದನ್ನೇ ಹಿಡಿದುಕೊಂಡು, ಜನಸಾಮಾನ್ಯರ ತೆರಿಗೆಯಲ್ಲಿ ಬೀಚಿನ ಗಣಿತ ಬೇಕೇ ಅನ್ನುವ ಧಾಟಿಯಲ್ಲಿ ಕುಟುಕಿದರು. ನಮ್ಮ ಸ್ಟಾಫ್ ರೂಮಿನ ನಗುವೇ ಅದು, ಇಂಗ್ಲಿಷಿನಲ್ಲಿ ಅಷ್ಟೇ :-)

ಅಯ್ಯೋ, ಅವರು ದೊಡ್ಡವರು, ನೀವ್ಯಾರು ಅಂತೀರಾ? ಹಾಗಾದರೆ ನಮ್ಮವರದೇ ಕಥೆ ಕೇಳಿ.

1921ರಲ್ಲಿ ಸಿ.ವಿ. ರಾಮನ್ ಮೊದಲ ಸಲ ವಿದೇಶಕ್ಕೆ ಹೋದರು. ಯಾಕೆ? ಸಮ್ಮೇಳನಕ್ಕೆ! ಆಕ್ಸ್‌ಫರ್ಡಿನಲ್ಲಿ ಬ್ರಿಟಿಷ್ ಸಾಮ್ರಾಜ್ಯದ ವಿಶ್ವವಿದ್ಯಾಲಯಗಳ ಸಮ್ಮೇಳನ, ಕಲ್ಕತ್ತ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಇವರು. ಆ ಸಮ್ಮೇಳನದಲ್ಲಿ ಯಾರು ಏನು ಭಾಷಣ ಮಾಡಿದರು? ಭೌತಶಾಸ್ತ್ರ ಓದಿದವರನ್ನು ನೂರು ಜನರನ್ನು ಕೇಳಿ ನೋಡಿ, ಒಬ್ಬನಿಗೂ ಗೊತ್ತಿರಲ್ಲ. ಆದರೆ ಆ ಪ್ರವಾಸದ ಬಿಡುವಿನಲ್ಲಿ ರಾಮನ್ ಏನು ಮಾಡಿದರು ಅನ್ನುವುದು ಗೊತ್ತಿದೆ. ಲಂಡನ್ನಿನಲ್ಲಿ ಸೇಂಟ್ ಪಾಲ್ ಚರ್ಚು ನೋಡೋಕೆ ಹೋದರು, ಎಲ್ಲ ಪ್ರವಾಸಿಗಳ ಹಾಗೆ. ಅಲ್ಲಿಯ ಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ತುದಿಯಲ್ಲಿ ಕೇಳಿಸುತ್ತೆ. ಉಳಿದವರು ಪಿಸುಗುಟ್ಟಿ, ನಕ್ಕು, ಇಳಿದು ಬಂದರು. ರಾಮನ್ ಅಲ್ಲೇ ಪ್ರಯೋಗ ಮಾಡಿ, ಅದೇ ವರ್ಷ 'ನೇಚರ್' ಪತ್ರಿಕೆಗೆ ಬರೆದರು. ಊರಿಗೆ ಬಂದ ಮೇಲೂ ಬಿಡಲಿಲ್ಲ, ಇಲ್ಲಿಯ ಪಿಸುಗುಟ್ಟುವ ಗುಮ್ಮಟಗಳನ್ನು ಹುಡುಕಿ ಅಭ್ಯಾಸ ಮಾಡಿದರು. ನಮ್ಮ ವಿಜಯಪುರದ ಗೋಳಗುಮ್ಮಟವೂ ಆ ಪಟ್ಟಿಯಲ್ಲಿದೆ.

ಇನ್ನೊಂದು ಎಲ್ಲರಿಗೂ ಗೊತ್ತಿರುವುದೇ. ವಾಪಸ್ ಬರುವಾಗ ಸೆಪ್ಟೆಂಬರಿನಲ್ಲಿ 'ನಾರ್ಕುಂಡ' ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರ ನೋಡುತ್ತಾರೆ. ಅಷ್ಟು ನೀಲಿ ಯಾಕೆ? ಸಮುದ್ರದ ನೀಲಿ ಅಂದರೆ ಆಕಾಶದ ಪ್ರತಿಬಿಂಬ ಅಂತ ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ಒಂದು ಪುಟ್ಟ ನಿಕೋಲ್ ಪ್ರಿಸಂ ತೆಗೆದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ಅದರಿಂದ ತಡೆದು ನೋಡಿದರು. ನೀಲಿ ಹೋಗಲಿಲ್ಲ. ಅಂದರೆ ನೀರೇ ಬೆಳಕನ್ನು ಚದುರಿಸುತ್ತಿದೆ. ಆ ಎಳೆ ಹಿಡಿದುಕೊಂಡು ಹೋಗಿ 1928ರ ಫೆಬ್ರವರಿ 28ಕ್ಕೆ ಮುಟ್ಟಿದರು, 1930ರಲ್ಲಿ ನೊಬೆಲ್ ಬಂತು. ಅವತ್ತು ಹಡಗಿನ ಕ್ಯಾಬಿನ್ನಿನಲ್ಲಿ ಕೂತು ಸಮ್ಮೇಳನದ ವರದಿ ಬರೆಯುತ್ತಿದ್ದರೆ? ಫೀಡ್‌ಬ್ಯಾಕ್ ಫಾರಂ ತುಂಬುತ್ತಿದ್ದರೆ?

ನಾನು ರಾಮನ್ ಅಲ್ಲ, ಗೊತ್ತು. ಬಿ.ಎಸ್ಸಿ ಹುಡುಗರಿಗೆ ಥರ್ಮೊಡೈನಮಿಕ್ಸ್ ಹೇಳಿಕೊಡುವ ಮೇಷ್ಟ್ರು. ನನಗೆ ನೊಬೆಲ್ ಬರಲಿ ಅಂತ ಯಾರೂ ಕಳಿಸಿಲ್ಲ. ನಾಳೆ ಕ್ಲಾಸಿನಲ್ಲಿ ಸ್ವಲ್ಪ ಚೆನ್ನಾಗಿ ಪಾಠ ಮಾಡಲಿ ಅಂತ ಕಳಿಸಿರುವುದು, ಅಲ್ಲವಾ? ಹಾಗಾದರೆ ಲೆಕ್ಕ ಹಾಕೋಣ. ಹನ್ನೊಂದು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಎಂಜಿನ್ ಪಾಠ ಮಾಡಿದ್ದೆ. ಸೆಮಿನಾರಿನಿಂದ ಹೊರಬಿದ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೋದ ದಿನ, ಅಲ್ಲಿಯ ಎಂಜಿನ್ ಹಾಲ್‌ನಲ್ಲಿ ಎರಡು ಗಂಟೆ ಕಳೆದೆ. ಶಾಲೆ ಮಕ್ಕಳ ಗುಂಪಿನ ಮಧ್ಯೆ ನುಗ್ಗಿ ನಾನೂ ಗುಂಡಿ ಒತ್ತಿದೆ! 1962ರಲ್ಲಿ ಶುರುವಾದ ಮ್ಯೂಸಿಯಂ, ನಾನು ಅದರ ಎದುರಿಗಿನ ರಸ್ತೆಯಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೆನೋ. ವಾಪಸ್ ಬಂದು ಆ ವಾರ ಮಾಡಿದ ಪಾಠಕ್ಕೆ, ಹಿಂದಿನ ಬೆಂಚಿನ ಹುಡುಗ ಮೊದಲ ಸಲ ಪ್ರಶ್ನೆ ಕೇಳಿದ. ಅದೇ ಸೆಮಿನಾರಿನ ದಿಕ್ಸೂಚಿ ಭಾಷಣದಿಂದ ಒಂದು ವಾಕ್ಯವನ್ನೂ ನಾನು ತರಗತಿಗೆ ತರಲಿಲ್ಲ, ತರುವಂಥದ್ದು ಇರಲೂ ಇಲ್ಲ.

ಇನ್ನೊಂದು ಸಲ, ಊಟಕ್ಕೆ ನಿಲ್ಲದೆ ಸೆಂಟ್ರಲ್ ಕಾಲೇಜಿನ ಹತ್ತಿರ ಹೋದೆ. ರಾಮನ್ ತಮ್ಮ ಹೊಸ ಬೆಳಕಿನ ಬಗ್ಗೆ ಮಾರ್ಚ್ 16, 1928ರಂದು ಪ್ರಸಿದ್ಧ ಉಪನ್ಯಾಸ ಕೊಟ್ಟಿದ್ದು ಬೆಂಗಳೂರಿನಲ್ಲಿ, ಅದೇ ಕಾಲೇಜಿನಲ್ಲಿ. ಸುಮ್ಮನೆ ಆ ಕಲ್ಲಿನ ಕಟ್ಟಡ ನೋಡುತ್ತಾ ನಿಂತಿದ್ದೆ. ಭೌತಶಾಸ್ತ್ರದ ಮೇಷ್ಟ್ರಿಗೆ ಅದೊಂದು ಕ್ಷೇತ್ರ ಸ್ವಾಮಿ, ಧರ್ಮಸ್ಥಳಕ್ಕೆ ಹೋದ ಹಾಗೆ.

ನಮ್ಮ ಕನ್ನಡ ಮೇಷ್ಟ್ರು ಒಬ್ಬರಿದ್ದಾರೆ, ಅವರದು ಇನ್ನೂ ಮಜಾ. ಆತಕೂರು ಶಾಸನವನ್ನು ಇಪ್ಪತ್ತು ವರ್ಷ ಪಾಠ ಮಾಡಿದವರು. ಕ್ರಿ.ಶ. 949-50ರ ಕಾಲದ್ದು, ಗಂಗರ ಬೂತುಗ ಏನು ಬೇಕೋ ಕೇಳು ಅಂದಾಗ ಮಣಲೆರ ಎಂಬ ವೀರ ಚಿನ್ನ ಕೇಳದೆ 'ಕಾಳಿ' ಅನ್ನುವ ನಾಯಿಯನ್ನು ಕೇಳಿದ, ಆ ನಾಯಿ ಹಂದಿಯ ಜೊತೆ ಕಾದಾಡಿ ಎರಡೂ ಸತ್ತವು, ನಾಯಿಗಾಗಿ ಕಲ್ಲು ನಿಲ್ಲಿಸಿದರು ಅಂತ. ಆ ಕಲ್ಲನ್ನು ಮಂಡ್ಯ ಕಡೆಯಿಂದ ತಂದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದರು. ನಾವಿಬ್ಬರೂ 2011ರಲ್ಲಿ ಒಂದು ಸೆಮಿನಾರಿನಿಂದ ತಪ್ಪಿಸಿಕೊಂಡು ಹೋಗಿ ನೋಡಿದೆವು. ಕೆಂಪು ಕಟ್ಟಡದ ಒಳಗೆ, ಮೇಲ್ಗಡೆ ನಾಯಿ ಹಂದಿ ಕಚ್ಚಾಡುವ ಕೆತ್ತನೆ. ಅವರು ಮಾತಾಡಲೇ ಇಲ್ಲ. ಐದು ನಿಮಿಷ ಆದ ಮೇಲೆ, "ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ ಮಾರಾಯ, ನಾನು ಇಷ್ಟು ವರ್ಷ ಕೈಯಲ್ಲಿ ಸಣ್ಣದು ಮಾಡಿ ತೋರಿಸ್ತಿದ್ದೆ" ಅಂದರು. ಈಗ ಕ್ಲಾಸಿನಲ್ಲಿ ಕೈ ಅಗಲ ಮಾಡಿ ತೋರಿಸುತ್ತಾರೆ.

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಗೆಳೆಯರದು ಬೇರೆ ರಾಗ. "ಇಲ್ಲೇನಿದೆ ನೋಡೋಕೆ? ಬರೀ ಟ್ರಾಫಿಕ್ಕು." ನಿಮಗೆ ಏನೂ ಕಾಣದೇ ಇರಬಹುದು, ದಿನಾ ಉಣ್ಣುವವನಿಗೆ ಹಬ್ಬದೂಟದ ರುಚಿ ಏನು ಗೊತ್ತು. ಲಾಲ್‌ಬಾಗಿನ ಬಂಡೆ ಹತ್ತಿ ಪಾಪ್‌ಕಾರ್ನ್ ತಿನ್ನುತ್ತೀರಲ್ಲ, ಅದು ಸುಮಾರು 300 ಕೋಟಿ ವರ್ಷದ ಕಲ್ಲು. ಕೆಂಪೇಗೌಡರ ಗೋಪುರಕ್ಕಿಂತ, 1760ರಲ್ಲಿ ಹೈದರಾಲಿ ತೋಟ ಶುರುಮಾಡಿದ್ದಕ್ಕಿಂತ, ಗಾಜಿನ ಮನೆಗಿಂತ, ಕಾಲ ಕೆಳಗಿರುವ ಅದೇ ದೊಡ್ಡ ಆಶ್ಚರ್ಯ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು, ಗಾಂಧಿಬಜಾರಿನ ವಿದ್ಯಾರ್ಥಿ ಭವನದ ದೋಸೆ, ಚೌಡಯ್ಯ ರಸ್ತೆಯ ತಾರಾಲಯ... ಇವುಗಳ ಒಂದು ಕಿಲೋಮೀಟರ್ ಒಳಗೆ ನೀವು ಹುಟ್ಟಿದಿರಿ. ನಮ್ಮ ಅಜ್ಜಂಪುರ, ಶಿವನಿಯ ಹುಡುಗ ತಾರಾಲಯ ನೋಡಬೇಕಾದರೆ ಮೊದಲು ಅವನ ಮೇಷ್ಟ್ರು ನೋಡಿ ಬಂದು, "ಹೋಗ್ರೋ, ನೋಡ್ರೋ" ಅಂತ ಆಸೆ ಹುಟ್ಟಿಸಬೇಕು. ಪುಸ್ತಕದಂಗಡಿಯ ಮಾತು ಬಂದಾಗ ಹೇಳಿಬಿಡುತ್ತೇನೆ: 2009ರಲ್ಲಿ ಮುಚ್ಚಿದ ಪ್ರೀಮಿಯರ್ ಅಂಗಡಿಯ ಆ ಪುಸ್ತಕದ ಗುಡ್ಡಗಳ ಮಧ್ಯೆ ನಾನು ಕಳೆದ ಮಧ್ಯಾಹ್ನಗಳನ್ನು ಯಾವ ಸಮಾರೋಪ ಸಮಾರಂಭಕ್ಕೂ ಬದಲಿ ಕೊಡಲ್ಲ.

ಆದರೆ ಇಷ್ಟೆಲ್ಲ 'ಪಾಠಕ್ಕೆ ಉಪಯೋಗ' ಅಂತ ಲೆಕ್ಕ ಒಪ್ಪಿಸುವುದೂ ನನಗೆ ಯಾಕೋ ಸರಿ ಬರುತ್ತಿಲ್ಲ. ಉಪಯೋಗ ಇಲ್ಲದಿದ್ದರೂ ಏನೀಗ?

ನಮ್ಮಲ್ಲಿ ಕೆಲಸ ಮಾಡುವ ಮೇಡಂ ಒಬ್ಬರ ವಿಷಯ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಅಡುಗೆ, ಅತ್ತೆಯ ಮಾತ್ರೆ, ಮಕ್ಕಳ ಡಬ್ಬಿ ಮುಗಿಸಿ ಕಾಲೇಜಿಗೆ ಬರುವವರು. ಸಂಜೆ ಹೋದ ಮೇಲೆ ಮತ್ತೆ ಅದೇ. ಸೆಮಿನಾರ್ ಅಂದರೆ ಮಾತ್ರ ಮನೆಯಲ್ಲಿ "ಆಫೀಸ್ ಕೆಲಸ" ಅಂತ ಬಿಡುತ್ತಾರೆ. ಒಂದು ಸಲ ನಾವು ನಾಲ್ಕು ಜನ ಒಟ್ಟಿಗೆ ಬೆಂಗಳೂರಿಗೆ ಹೋಗಿದ್ದೆವು. ಎರಡನೇ ದಿನ ಮಧ್ಯಾಹ್ನ ಮೇಡಂ ಕಾಣಲಿಲ್ಲ. ರಾತ್ರಿ ರೈಲಿನಲ್ಲಿ ಸಿಕ್ಕಾಗ ಕೇಳಿದೆ. ಕಬ್ಬನ್ ಪಾರ್ಕಿನಲ್ಲಿ ಕಡಲೆಕಾಯಿ ಪೊಟ್ಟಣ ತಗೊಂಡು ಬೆಂಚಿನ ಮೇಲೆ ಕೂತಿದ್ದರಂತೆ. ಆಮೇಲೆ ಒಂದು ಹೋಟೆಲಿಗೆ ಹೋಗಿ ಕಾಫಿ. ಮ್ಯೂಸಿಯಂ ಇಲ್ಲ, ಶಾಪಿಂಗ್ ಇಲ್ಲ, ಏನೂ ಇಲ್ಲ.

"ಸಾರ್, ಮದುವೆಯಾಗಿ ಹದಿನೇಳು ವರ್ಷ. ಒಬ್ಬಳೇ ಕೂತು ಬಿಸಿ ಬಿಸಿ ಕಾಫಿ ಪೂರ್ತಿ ಕುಡಿದಿದ್ದು ಇವತ್ತೇ" ಅಂದರು.

ಮರುದಿನ ಸ್ಟಾಫ್ ರೂಮಿನಲ್ಲಿ ಆ ನಗು ಅವರಿಗೂ ಕಾದಿತ್ತು. ಹೆಂಗಸರಿಗೆ ಸ್ವಲ್ಪ ಜಾಸ್ತಿಯೇ, ನಗುವಿನ ಜೊತೆ ಒಂದು ಹುಬ್ಬು ಹಾರಿಸುವುದು ಬೇರೆ. ಅವತ್ತು ನಾನು ಜಗಳವಾಡಿದೆ. ಈ ಬರಹದ ಅರ್ಧ ಅವತ್ತೇ ಬಾಯಲ್ಲಿ ಆಗಿಹೋಗಿತ್ತು.

ಈಗ ಎದುರು ಪಕ್ಷದ ಒಂದೇ ಒಂದು ಗಟ್ಟಿ ಮಾತು. ಎಲ್ಲರೂ ಊರು ನೋಡೋಕೆ ಹೋದರೆ, ಕೊನೆಯ ಗೋಷ್ಠಿಯಲ್ಲಿ ಪ್ರಬಂಧ ಓದುವ ಆ ಹುಡುಗಿ ಖಾಲಿ ಕುರ್ಚಿಗೆ ಓದಬೇಕಾ? ಇದಕ್ಕೆ ನನ್ನ ಹತ್ತಿರ ಹಾರಿಕೆ ಉತ್ತರ ಇಲ್ಲ. ಅವಳು ಓದುವಾಗ ಎದ್ದು ಹೋಗುವುದು ತಪ್ಪೇ. ಬೆಳಿಗ್ಗೆ ಸಹಿ ಹಾಕಿ ಸೀದಾ ಮಾಲಿಗೆ ಹೋಗಿ ಸಂಜೆ ಸರ್ಟಿಫಿಕೇಟಿಗೆ ಬರುವವರ ವಕೀಲ ನಾನಲ್ಲ. ಆದರೆ ಅವಳನ್ನು ಎರಡನೇ ದಿನ ನಾಲ್ಕು ಗಂಟೆಗೆ, ಎಲ್ಲರ ತಲೆ ರೈಲಿನ ಟೈಮಿನ ಮೇಲೆ ಇರುವಾಗ, ಐದು ನಿಮಿಷಕ್ಕೆ ನಿಲ್ಲಿಸಿದ್ದು ಯಾರು? ಒಂಬತ್ತು ಶಾಲುಗಳಿಗೆ ಒಂದೂವರೆ ಗಂಟೆ ಕೊಟ್ಟವರು. ಆ ಶಾಲುಗಳನ್ನು ಒಂದು ಚೀಲದಲ್ಲಿ ಹಾಕಿ ಕಾರಿಗೆ ಇಟ್ಟುಬಿಟ್ಟಿದ್ದರೆ ಅವಳಿಗೆ ಮೊದಲ ದಿನ ಬೆಳಿಗ್ಗೆಯೇ ಇಪ್ಪತ್ತು ನಿಮಿಷ, ತುಂಬಿದ ಸಭೆ ಸಿಗುತ್ತಿತ್ತು.

ದೊಡ್ಡ ಸಮ್ಮೇಳನ ಮಾಡುವವರಿಗೆ ಇದು ಗೊತ್ತು. 2010ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಅಂತಾರಾಷ್ಟ್ರೀಯ ಗಣಿತಜ್ಞರ ಸಮ್ಮೇಳನ ನಡೆಯಿತಲ್ಲ, ಒಂಬತ್ತು ದಿನ, ಮೂರು ಸಾವಿರದಷ್ಟು ಜನ. ಅಲ್ಲಿ ವಿಶ್ವನಾಥನ್ ಆನಂದ್ ಒಟ್ಟಿಗೆ ನಲವತ್ತು ಜನರ ಜೊತೆ ಚೆಸ್ ಆಡಿದರು, ನಾಟಕ ಇತ್ತು, ಸಂಗೀತ ಇತ್ತು. ಜಗತ್ತಿನ ಗಣಿತದ ದೊಡ್ಡ ತಲೆಗಳೆಲ್ಲ ಸೇರಿದ ಜಾಗದಲ್ಲಿ ಬಿಡುವನ್ನು ವ್ಯವಸ್ಥೆ ಮಾಡಿಯೇ ಕೊಟ್ಟಿದ್ದರು. ನಮ್ಮ 'ಎರಡು ದಿನದ ರಾಷ್ಟ್ರಮಟ್ಟದ' ಸೆಮಿನಾರಿನಲ್ಲಿ ಟೀ ಬಿಡುವೂ ಇಲ್ಲ, ಕೂತ ಕಡೆಗೇ ಟೀ ತಂದುಕೊಡುತ್ತಾರೆ, ಎದ್ದರೆ ಓಡಿಹೋದಾರು ಅಂತ.

ಹಾಗಾಗಿ ಬೆಂಗಳೂರಿನಲ್ಲಿ ಸೆಮಿನಾರ್ ಮಾಡುವ ಕಾಲೇಜಿನವರು ಯಾರಾದರೂ ಇದನ್ನು ಓದುತ್ತಿದ್ದರೆ (ನಮ್ಮ ಬ್ಲಾಗಿಗರಲ್ಲೇ ಮೂರ್ನಾಲ್ಕು ಜನ ಮೇಷ್ಟ್ರುಗಳಿದ್ದೀರಿ, ನನಗೆ ಗೊತ್ತು) ಕೈಮುಗಿದು ಕೇಳುತ್ತೇನೆ. ಎರಡನೇ ದಿನ ಮಧ್ಯಾಹ್ನ ಒಂದು ಗಂಟೆಗೆ ಮುಗಿಸಿ. ಸರ್ಟಿಫಿಕೇಟನ್ನು ಬೆಳಿಗ್ಗೆ ರಿಜಿಸ್ಟ್ರೇಷನ್ ಟೇಬಲ್ಲಿನಲ್ಲೇ ಕೊಟ್ಟುಬಿಡಿ, ಇರುವವರು ಇರುತ್ತಾರೆ. ಆ ರೆಕ್ಸಿನ್ ಬ್ಯಾಗು, ಬರೆಯದ ಪೆನ್ನು ಬೇಡ. ಅದರ ಬದಲು ಒಂದು ಹಾಳೆಯಲ್ಲಿ ನಿಮ್ಮ ಕಾಲೇಜಿನಿಂದ ಕಬ್ಬನ್ ಪಾರ್ಕಿಗೆ, ಲಾಲ್‌ಬಾಗಿಗೆ, ತಾರಾಲಯಕ್ಕೆ ಯಾವ ಬಸ್ಸು, ಯಾವ ಮೆಟ್ರೋ ಸ್ಟೇಷನ್ ಅಂತ ಕನ್ನಡದಲ್ಲಿ ಬರೆದು ಕೊಡಿ. ರಾತ್ರಿ ಗಾಡಿಗೆ ಹೋಗುವವರು ಬ್ಯಾಗ್ ಇಡೋಕೆ ಒಂದು ರೂಮು ತೆಗೆದಿಡಿ. ಆ ಭಾರದ ಚೀಲ ಹೊತ್ತುಕೊಂಡು ಲಾಲ್‌ಬಾಗಿನ ಬಂಡೆ ಹತ್ತುವುದು ಹಿಂಸೆ ಮಾರಾಯ್ರೆ.

ಮುಂದಿನ ತಿಂಗಳು ಮತ್ತೊಂದು ಸೆಮಿನಾರಿಗೆ ಕರೆ ಬಂದಿದೆ. ಪ್ರಬಂಧ ಬರೆದಿದ್ದೇನೆ, ಓದುತ್ತೇನೆ, ಬೇರೆಯವರದೂ ಕೇಳುತ್ತೇನೆ. ಎರಡನೇ ದಿನ ಮಧ್ಯಾಹ್ನಕ್ಕೆ ತಾರಾಲಯದ ಕನ್ನಡ ಪ್ರದರ್ಶನ ಎಷ್ಟು ಗಂಟೆಗೆ ಅಂತ ಬೆಂಗಳೂರಿನವರು ಯಾರಾದರೂ ವಿಚಾರಿಸಿ ಹೇಳಿ. ಮೇಡಂ ಕೂಡ ಬರುತ್ತಿದ್ದಾರೆ, ಅವರಿಗೆ ತಾರಾಲಯ ಬೇಡವಂತೆ.